ಹೊಸ ಗಾಡಿಯ ನಿಂಬೆಹಣ್ಣು

ಮೊಮ್ಮಗನನ್ನು ಕೂರಿಸಿ ತಳ್ಳುವ ಹೊಸ ಗಾಡಿಗೆ ಅಜ್ಜಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು. ವಿಮಾನದ ಮೆಟ್ಟಿಲವರೆಗೂ ಅದು ತೂಗಾಡುತ್ತಲೇ ಬಂತು. ನಾಚಿಕೆ ತಾಳಲಾರದೆ ಮಗಳು ಕೂಸನ್ನೆತ್ತಿಕೊಂಡು, ಈ ಮುದುಕಿ ಯಾರೋ ಏನೋ ಅನ್ನುವ ಹಾಗೆ ಮುಂದೆ ಮುಂದೆ ನಡೆಯುತ್ತಿದ್ದಳು.

ಮೆಟ್ಟಿಲ ಬುಡದಲ್ಲಿ, ಮಕ್ಕಳ ಗಾಡಿಗಳನ್ನು ಮಡಚಿ ಸಾಮಾನಿನ ಜೊತೆ ಸೇರಿಸುವ ಸಿಬ್ಬಂದಿಯವನು ತಡೆದ.

"ಏನಜ್ಜಿ, ವಿಮಾನ ಹತ್ತೋವಾಗಲೂ ನಿಂಬೆಹಣ್ಣಾ?"

"ಹೊಸ ಗಾಡಿ ಕಣಪ್ಪಾ, ಮೊದಲ ಸಲ ಹೊರಟಿದೆ. ಯಾರ ಕಣ್ಣೂ ಬೀಳಬಾರದಲ್ಲ."

"ಎಲ್ಲಾ ಮೂಢನಂಬಿಕೆ! ವಿಮಾನ ಹಾರೋದು ವಿಜ್ಞಾನದಿಂದ, ನಿಂಬೆಹಣ್ಣಿಂದ ಅಲ್ಲ" ಎಂದವನೇ ದಾರ ಕಿತ್ತು ಹಣ್ಣನ್ನು ಜೇಬಿಗಿಳಿಸಿದ.

"ಚೆನ್ನಾಗಿ ಹೇಳಿದ್ರಿ ಸಾರ್! ನಾನು ಎಷ್ಟು ಬಡ್ಕೊಂಡ್ರೂ ಕೇಳಲ್ಲ ಇವರು" ಎಂದಳು ಮಗಳು, ಗೆದ್ದವಳ ಹಾಗೆ.

ಅಜ್ಜಿ ಮುಖ ಊದಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಆದರೂ ಮನಸ್ಸು ತಡೆಯಲಿಲ್ಲ. ತಮ್ಮ ಗಾಡಿಯ ಗತಿ ಏನಾಯಿತೋ ಎಂದು ತುದಿಯಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದರು.

ಅವನು ಅತ್ತಿತ್ತ ಕಣ್ಣಾಡಿಸಿ, ನಿಂಬೆಹಣ್ಣನ್ನು ವಿಮಾನದ ಮುಂದಿನ ಚಕ್ರದ ಕೆಳಗಿಟ್ಟು ಕೈ ಮುಗಿಯುತ್ತಿದ್ದ.