ಜಲಜಕ್ಕ ಕೇಳದ ಪ್ರಶ್ನೆ

ತೇಲುವ ಆ ಊರಿನಲ್ಲಿ ಮನೆಗೆ ಮನೆಯನ್ನು ಹಗ್ಗದಿಂದ ಬಿಗಿದಿದ್ದರು. ಇರಲು ಮನಸ್ಸಿಲ್ಲದವರು ಹಗ್ಗ ಬಿಚ್ಚಿಕೊಂಡು ಮನೆಸಮೇತ ಬೇರೆ ಕೇರಿಗೆ ಹೋಗಬಹುದಿತ್ತು. ಯಾಕೆಂದು ಯಾರೂ ಕೇಳುವಂತಿರಲಿಲ್ಲ. ನೆಲದ ಮೇಲಿನ ಸರಕಾರಗಳ ಪ್ರಶ್ನೆಗಳಿಗೆ ಬೇಸತ್ತು ಸಮುದ್ರಕ್ಕಿಳಿದ ಹಿರಿಯರು ಮಾಡಿದ ಕಟ್ಟಳೆ ಅದು.

ಇವತ್ತು ಪಕ್ಕದ ಮನೆಯ ಬೊನಿಫಾಸ್ ತನ್ನ ಕಡೆಯ ಗಂಟು ಬಿಚ್ಚುತ್ತಿದ್ದ. ಎದುರಿಗೆ ನಿಂತ ಜಲಜಕ್ಕನಿಗೆ ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಮೊನ್ನೆ ಕೊಟ್ಟ ಸಾರು ಖಾರವಾಯಿತೆ? ತನ್ನ ಗೊರಕೆ ಅಲ್ಲಿಯವರೆಗೂ ಕೇಳಿಸುತ್ತದೆಯೆ?

"ಬಸಳೆ ನೀವೇ ಇಟ್ಕೊಳ್ಳಿ," ಎಂದ ಅವನು. ಬಳ್ಳಿ ಎರಡೂ ಮನೆಗಳ ಮಾಡಿಗೆ ಹಬ್ಬಿತ್ತು.

"ಆಯ್ತು," ಎಂದಳು ಜಲಜಕ್ಕ.

ಗಂಟು ಬಿಚ್ಚಿತು. ಹಗ್ಗ ಅವಳ ಜಗಲಿಯಿಂದ ನೀರಿಗೆ ಜೋತುಬಿತ್ತು. ಮನೆ ಮೆಲ್ಲಗೆ ಸರಿಯುತ್ತಿದ್ದಂತೆ ಬಸಳೆ ಬಳ್ಳಿ ಚಟ್ಟನೆ ಹರಿಯಿತು.

"ಜಲಜಕ್ಕಾ," ಬೊನಿಫಾಸ್ ದೂರದಿಂದ ಕೂಗಿದ, "ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ. ಯಾಕೆ ಹೋಗುದು ಅಂತ ಒಂದು ಮಾತು ಕೇಳ್ಲಿಕ್ಕಿಲ್ವಾ?"

ಜಲಜಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒದ್ದೆ ಹಗ್ಗವನ್ನು ಮೇಲೆಳೆದು, ಬೀಸಿ ಅವನತ್ತ ಎಸೆದಳು.

"ಮೊದ್ಲು ಇದನ್ನು ಹಿಡ್ಕೊ ಮಾರಾಯ. ಕೇಳ್ಲಿಕ್ಕೆ ತುಂಬಾ ಉಂಟು!"