ಮೋಡದೂರಿನ ಏರು

ಗದಗಿನ ಅರ್ಧ ಜನ ಮೋಡದ ಮೇಲೆ ಮನೆ ಮಾಡಿಕೊಂಡು ಹನ್ನೆರಡು ವರ್ಷವಾಗಿತ್ತು. ಅಲ್ಲಿಗೆ ಹೋಗುವ ಏರುರಸ್ತೆಯಲ್ಲಿ ಗಾಳಿ ತೆಳು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದ ಕಾರುಗಳಿಗೂ ಏದುಸಿರು. ಹಾಗಾಗಿ ದಾಕ್ಷಾಯಿಣಿ ಮನೆಯಂಗಳದಲ್ಲೇ ಬಾನೆಟ್ ಎತ್ತಿ, ತನ್ನ ಕಾರಿಗೆ ಲಾರಿಯ ದೊಡ್ಡ ಟರ್ಬೊ ಕೂರಿಸತೊಡಗಿದಳು.

"ಚಲೋ ಗಾಡಿ ಕೆಡಿಸಬ್ಯಾಡವಾ," ಎಂದರು ಅತ್ತೆ ಗುರವ್ವ.

"ನಿಮ್ಮ ತಂಗೀನ್ನ ನೋಡಿ ನಾಕು ವರ್ಷ ಆತು. ಮ್ಯಾಲೆ ಹೋಗೂದು ಬ್ಯಾಡೇನ್ರಿ?"

ಗುರವ್ವ ಸ್ಪ್ಯಾನರ್ ಎತ್ತಿಕೊಟ್ಟರು.

ಭಾನುವಾರ ಏರಿನ ನಡುವೆ ಎಂಜಿನ್ ಒಮ್ಮೆ ಕೆಮ್ಮಿತು. ದಾಕ್ಷಾಯಿಣಿ ಆಕ್ಸಿಲರೇಟರ್ ಒತ್ತಿದಳು. ಮರುಕ್ಷಣ ಟರ್ಬೊ ಸಿಳ್ಳೆ ಹಾಕಿ, ಕಾರು ಮುನ್ನುಗ್ಗಿ, ತೆವಳುತ್ತಿದ್ದ ಕಾರುಗಳನ್ನೆಲ್ಲ ಹಿಂದೆ ಹಾಕತೊಡಗಿತು. ಗುರವ್ವ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

"ಸರೀರಿ, ಸರೀರಿ! ನನ್ನ ಸೊಸಿ ಕೈಯಾರೆ ಮಾಡಿದ ಗಾಡಿ ಐತಿ!"