ಹೊಂಗೆಯ ಬುಡದಲ್ಲಿ ಉಪ್ಪು

ಉಪ್ಪುನೀರಿನ ಚೊಂಬು ಹಿಡಿದು ಹಿತ್ತಲಿಗೆ ಬಂದ ಆಂಜನಮ್ಮ ಬಗ್ಗಿ ನೋಡಿದಳು. ಹೊಂಗೆ ಸಸಿಯೂ ಬಾಡಿತ್ತು.

ಮಗಳು ಹಂಸಳ ಜೊತೆ ಕಾರವಾರದ ಕಡಲ ದಂಡೆಯ ಗಂಡನ ಮನೆಗೆ ಕಳಿಸಿದ್ದ ಮಲ್ಲಿಗೆ, ಕನಕಾಂಬರ ಉಪ್ಪುಗಾಳಿಗೆ ಸುಟ್ಟುಹೋಗಿದ್ದವು. 'ನಿನ್ನ ತವರಿಂದ ಬಂದದ್ದು ಯಾವುದೂ ಬಾಳೋದಿಲ್ಲ' ಎಂದಿದ್ದರಂತೆ ಅತ್ತೆ; ಹಂಸ ತವರಿಗೆ ಮರಳಿದ್ದಳು. ಅದಕ್ಕೇ ಆಂಜನಮ್ಮ ಕೆ.ಆರ್. ಪುರದ ಹಿತ್ತಲಲ್ಲೇ ಕುಂಡದ ಸಸಿಗಳಿಗೆ ಚಿಟಿಕೆ ಉಪ್ಪಿನ ನೀರುಣಿಸಿ ಪರೀಕ್ಷಿಸುತ್ತಿದ್ದಳು. ಸಂಪಿಗೆ ಸೋತಿತ್ತು, ಪಾರಿಜಾತ ಉದುರಿತ್ತು. ನಿನ್ನೆಯವರೆಗೂ ನಳನಳಿಸುತ್ತಿದ್ದುದು ಹೊಂಗೆಯೊಂದೇ.

ಬುಡ ಕೆದಕಿದಳು. ಹಿಡಿ ತುಂಬ ಕಲ್ಲುಪ್ಪು ಸಿಕ್ಕಿತು.

"ಯಾರೇ ಹಾಕಿದ್ದು ಇದನ್ನ?"

ಬಾಗಿಲಲ್ಲಿ ನಿಂತಿದ್ದ ಹಂಸ ತಲೆ ತಗ್ಗಿಸಿದಳು. "ತಡ್ಕೊಳ್ಳೋ ಗಿಡ ಸಿಗೋವರ್ಗೂ ನನ್ನ ಕಳ್ಸಲ್ಲ ಅಂದಿದ್ಯಲ್ಲಮ್ಮ."

ಆಂಜನಮ್ಮ ಚೊಂಬಿನ ನೀರನ್ನು ಮೋರಿಗೆ ಸುರಿದಳು.

"ಗುದ್ದಲಿ ತಗೊಂಬಾ. ಉಪ್ಪು ತೊಳ್ದು ಇದನ್ನ ಇಲ್ಲೇ ನೆಡೋಣ."